ಕಸ್ತೂರಿ ಬರೆದ ಆಯೇರಿ ಪ್ರೋಗ್ರಾಂ

ಶಹಾಪುರದ ಬಟ್ಟೆ ವ್ಯಾಪಾರಿ ಮಲ್ಲಣ್ಣನ ಮಗಳು ಕಸ್ತೂರಿಗೆ ಬಾಯಿ ಜೋರು. ಮದುವೆಯಾದ ಮೇಲೆ ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಕೂತು ಆನ್‌ಲೈನಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ಓಡುತ್ತಿರುವ ಪ್ರೋಗ್ರಾಂ ಎದುರಿಗೆ ಬಂದ ಆಬ್ಜೆಕ್ಟನ್ನು ಹಿಡಿದು ನೀನು ಯಾವ ವರ್ಗದವನು ಎಂದು ವಿಚಾರಿಸುತ್ತದಲ್ಲ, ಅದು ನಮ್ಮ ಕಡೆಯ ಮುದುಕರು ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾರ ಪೈಕಿ ಎಂದು ಕೆದಕಿದ ಹಾಗೆಯೇ ಎನ್ನುತ್ತಾಳೆ. ಕೆದಕದೆ ಕೆಲಸ ಸಾಗಿದರೆ ಒಳ್ಳೆಯದು ಎಂದೂ ಸೇರಿಸುತ್ತಾಳೆ.

ಆದರೆ ಆಯೇರಿಯಲ್ಲಿ, ಅಂದರೆ ಮದುವೆಯ ಉಡುಗೊರೆ ಹಂಚುವಲ್ಲಿ, ಕೆದಕದೆ ಗತಿಯಿಲ್ಲ. ಮದುವೆ ಮನೆಯವರು ಹೆಸರು, ಊರು ಮೈಕಿನಲ್ಲಿ ಕೂಗಿಸಿ ಬಂದವರಿಗೆ ಬಟ್ಟೆ ಕೊಡಬೇಕು. ಅಳಿಯನಿಗೆ ರೇಷ್ಮೆ ಶಲ್ಯ ಮತ್ತು ಪಟಗ, ಬೀಗರಿಗೆ ಧೋತರ, ಉಳಿದ ನೆಂಟರಲ್ಲಿ ಗಂಡಸರಿಗೆ ಟವೆಲ್, ಹೆಂಗಸರಿಗೆ ಕುಬಸದ ಖಣ. ಒಂದು ಅದಲುಬದಲಾದರೆ ಮೂರು ತಲೆಮಾರು ಮಾತು ಬಿಡುತ್ತಾರೆ. ಅದಕ್ಕೇ ತಮ್ಮನ ಮದುವೆಗೆ ಕಸ್ತೂರಿ ಒಂದು ಪ್ರೋಗ್ರಾಂ ಬರೆದಳು. ಹೆಸರು ಒತ್ತಿದರೆ ಸಾಕು, ಅದೇ ವಿಚಾರಿಸಿ ಯಾವ ಬಟ್ಟೆ ಎಂದು ಹೇಳುತ್ತಿತ್ತು. ಸೋದರಮಾವಂದಿರ ಹೆಸರು ಹಾಕಿ ನೋಡಿದಳು, ಎಲ್ಲರಿಗೂ ಟವೆಲ್ ಬಂತು, ಸರಿಯಾಗಿದೆ ಎಂದು ಬೀಗಿದಳು.

ಮದುವೆಯ ದಿನ ಅಕ್ಷತೆಗೆ ಮುಂಚೆ ಅಂಗಡಿಯ ಹಳೆಯ ಆಳು ಹುಲಗಪ್ಪ ಟ್ಯಾಬ್ ನೋಡಿಕೊಂಡು ಕೂಗತೊಡಗಿದ. "ನಾರಾಯಣಪುರದ ವಿಶ್ವರಾಧ್ಯ ಅವರಿಗೆ ಒಂದು ಟವೆಲ್."

ವಿಶ್ವರಾಧ್ಯ ಕಸ್ತೂರಿಯ ಗಂಡ, ಈ ಮನೆಯ ಒಬ್ಬನೇ ಅಳಿಯ, ನೀರಾವರಿ ಇಲಾಖೆಯ ಗುಮಾಸ್ತ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಟವೆಲನ್ನು ಕುರ್ಚಿಯ ಮೇಲೆ ಬಿಸಾಕಿ ಕಾರು ಚಾಲೂ ಮಾಡಿ ಹೆಂಡತಿಯನ್ನು ಕರೆದ. "ನಡಿ, ಗಾಡಿ ಹತ್ತು. ನಿಮ್ಮ ಮನ್ಯಾಗ ಅಳಿಯನ ಕಿಮ್ಮತ್ತು ಗೊತ್ತಾತು."

ತಾಯಿ ಅನ್ನಮ್ಮ ಸೆರಗು ಕಣ್ಣಿಗೆ ಒತ್ತಿದಳು. ಇದ್ದೊಬ್ಬ ತಮ್ಮನ ತಲೆಗೆ ಅಕ್ಷತೆ ಹಾಕದೆ ಹೋಗಲು ಕಸ್ತೂರಿಗೆ ಮನಸ್ಸಿರಲಿಲ್ಲ. ಟ್ಯಾಬ್ ಕಸಿದುಕೊಂಡು ನೋಡಿದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ಪ್ರೋಗ್ರಾಮಿನಲ್ಲಿ ಅಳಿಯನೂ ನೆಂಟರ ವರ್ಗದೊಳಗಿನವನೇ. ಮೊದಲ ಪ್ರಶ್ನೆಯೇ ನೀವು ನೆಂಟರೇ ಎಂದಿತ್ತು. ಅಳಿಯ ಹೌದು ಅಂದ, ಟವೆಲ್ ತೆಗೆದುಕೊಂಡ, ಮುಂದಿನ ಪ್ರಶ್ನೆ ಕೇಳುವ ಗೋಜೇ ಇರಲಿಲ್ಲ. ಸಣ್ಣ ವರ್ಗ ಮೊದಲು, ದೊಡ್ಡದು ಆಮೇಲೆ ಎಂದು ಪಾಠದಲ್ಲಿ ಮಕ್ಕಳಿಗೆ ಬಾಯಿ ನೋಯುವಂತೆ ಹೇಳುವವಳು ಇವಳೇ. ಸುರಪುರದ ಬೀಗರ ಸರದಿ ಬರುವ ಮುಂಚೆ ಗೊತ್ತಾದದ್ದು ಪುಣ್ಯ.

ಅಳಿಯನನ್ನೂ ಬೀಗರನ್ನೂ ಮೇಲೆ ತಂದು ನೆಂಟರನ್ನು ಕೆಳಕ್ಕೆ ತಳ್ಳಿದಳು. ಹುಲಗಪ್ಪ ಮತ್ತೆ ಕೂಗಿದ, ಮಲ್ಲಣ್ಣ ಕಾರಿನ ಹತ್ತಿರವೇ ಹೋಗಿ ಅಳಿಯನಿಗೆ ಪಟಗ ಸುತ್ತಿದ. ಪಟಗ ತಲೆಯ ಮೇಲೆ ಕೂತಿತು, ಅಳಿಯ ಮಾತ್ರ ಇಳಿಯಲಿಲ್ಲ. ಹೋಗುವುದೇ ಆದರೆ ಬರಿಗೈಯಲ್ಲಿ ಹೋಗಬೇಡ, ನಿನ್ನ ಹೆಸರೂ ಒತ್ತು ಎಂದು ಮಗಳಿಗೆ ಹೇಳಿದಳು ಅನ್ನಮ್ಮ.

ಕಸ್ತೂರಿ ಒತ್ತಿದಳು. ನೆಂಟರು, ಕುಬಸದ ಖಣ ಎಂದು ಬಂತು.

ಅಳಿಯನಿಗೆ, ಬೀಗರಿಗೆ, ಉಳಿದ ನೆಂಟರಿಗೆ ಕೂಡ ಒಂದೊಂದು ವರ್ಗ ಬರೆದಿದ್ದಳು. ಮನೆಮಗಳಿಗೆ ಬರೆದೇ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅವಳಿಗೇ ನೆನಪಾಗಿರಲಿಲ್ಲ. ಅದರಿಂದ ಅವಳಿಗೆ ತುಂಬಾ ನೋವಾಯಿತು. ನೇರ ಕಾರಿನ ಕಿಟಕಿಗೆ ಹೋದಳು.

"ನೆಂಟ ಅಂದಿದ್ದಕ್ಕ ನಿಮಗ ಇಷ್ಟು ಸಿಟ್ಟು ಬಂತ್ರಿ. ನಾ ಹುಟ್ಟಿದ ಮನ್ಯಾಗ ನಾನೂ ನೆಂಟರಾಗೇ ಬಂದೇನಿ, ಅದೂ ನನ್ನ ಕೈಯಾರೆ ಬರದು. ನಾ ಅಕ್ಷತಿ ಹಾಕಿ, ಉಂಡು ಬರ್ತೀನಿ. ನೀವು ಹೋಗೂದಿದ್ರ ಹೋಗ್ರಿ."

ವಾಪಸು ಬಂದು ಅಳಿಯನಿಗಿಂತಲೂ ಮೇಲೆ, ನೀವು ಮನೆಮಗಳೇ ಎಂಬ ಒಂದು ಹೊಸ ಪ್ರಶ್ನೆ ಬರೆದಳು. ರಾಶಿಯಿಂದ ಇಳಕಲ್ ಸೀರೆ ತಾನೇ ಎಳೆದು ಹುಲಗಪ್ಪನ ಕೈಗಿಟ್ಟಳು. ಅಷ್ಟರಲ್ಲಿ ಕಾರಿನ ಇಂಜಿನ್ ಬಂದ್ ಆಗಿ, ಪಟಗ ಸುತ್ತಿದ ವಿಶ್ವರಾಧ್ಯ ಹಂದರದ ಕಂಬದ ಹತ್ತಿರ ಬಂದು ನಿಂತಿದ್ದ.

ಹುಲಗಪ್ಪ ಮೈಕಿಗೆ ಕೈ ಅಡ್ಡ ಹಿಡಿದು, ಊರು ಯಾವುದೆಂದು ಕೂಗಲಿ, ಶಹಾಪುರವೋ ನಾರಾಯಣಪುರವೋ ಎಂದು ಕೇಳಿದ.

"ಇದೇ ಮನಿ ಅಂತ ಕೂಗ್ರಿ," ಎಂದಳು ಕಸ್ತೂರಿ.