ಮಲಗಿದವನ ಅಳತೆ

ನುಂಜಿಯಾ ಇಗರ್ಜಿಗೆ ಹೋಗುವುದು ದೇವರನ್ನು ನೋಡಲಿಕ್ಕೋ ಗಂಡಸರ ಅಂಗಿ ನೋಡಲಿಕ್ಕೋ ಎಂದು ನಮ್ಮ ಓಣಿಯವರಿಗೆಲ್ಲ ಅನುಮಾನವಿತ್ತು. ಅತ್ತ ಪಾದ್ರಿಗಳು ಪೂಜೆ ನಡೆಸುತ್ತಿದ್ದರೆ ಇತ್ತ ಇವಳು ನನ್ನ ಪಕ್ಕೆ ತಿವಿಯುವಳು. ಮುಂದೆ ಕೂತಿರುವ ವಕೀಲನ ಭುಜದ ಹೊಲಿಗೆ ಮೂಳೆ ದಾಟಿ ತೋಳಿಗೆ ಇಳಿದಿದೆ ನೋಡು, ಅಂಗಡಿಯಲ್ಲಿ ಕನ್ನಡಿ ನೋಡಿಕೊಂಡನೇ ಹೊರತು ಕೈ ಎತ್ತಿ ನೋಡಲಿಲ್ಲ ಮಹಾರಾಯ, ಎಂದು ಪಿಸುಗುಡುವಳು. ನೇಪಲ್ಸಿನ ಅಂಗಿಗಳಿಗೆ ಕೈಯಲ್ಲೇ ತೋಳು ಕೂಡಿಸುವುದು, ಕಾಜಾ ಹೊಲಿಯುವುದು ಅವಳ ಕಸುಬು. ಕಾರ್ಖಾನೆಯವರು ಗಂಟು ಕಟ್ಟಿ ಮನೆಗೇ ಕಳಿಸುತ್ತಿದ್ದರು. ಹಗಲಿಡೀ ಬಾಲ್ಕನಿಯಲ್ಲಿ ಕೂತು ಹೊಲಿಯುತ್ತ, ಎದುರುಮನೆಯವಳಾದ ನನ್ನ ತಲೆ ತಿನ್ನುತ್ತಿದ್ದಳು.

ಒಳ್ಳೆಯ ಅಂಗಿ ಆರಿಸುವುದು ಏನು ಮಹಾ ಎನ್ನುವುದು ಅವಳ ಮಾತು. ಭುಜದ ಹೊಲಿಗೆ ಮೂಳೆಯ ತುದಿಗೆ ನಿಲ್ಲಬೇಕು. ಕೂತರೆ ಎದ್ದರೆ ಅಂಗಿ ಪ್ಯಾಂಟಿನಿಂದ ಹೊರಗೆ ಬರಬಾರದು. ಎಲ್ಲಕ್ಕಿಂತ ಮುಖ್ಯ ಕತ್ತು. ಗುಂಡಿ ಹಾಕಿದ ಮೇಲೆ ಕಾಲರಿನೊಳಗೆ ಒಂದು ಬೆರಳು ಹೋಗಬೇಕು. ಅದೂ ಹೋಗದಿದ್ದರೆ ನೇಣು, ಇಡೀ ಕೈಯೇ ಹೋದರೆ ಅದು ಬೇರೆ ಯಾರದೋ ಅಂಗಿ.

ಇಷ್ಟೆಲ್ಲ ಬಲ್ಲವಳ ಗಂಡ ಸಬಾತೀನೋ ಮಾತ್ರ ಜೀವಮಾನವಿಡೀ ಸಂತೆಯ ಅಂಗಿ ತೊಟ್ಟ. ಬಂದರಿನಲ್ಲಿ ಮೂಟೆ ಹೊತ್ತು ಹೊತ್ತು ಅವನ ಬಲಭುಜ ಜಗ್ಗಿಹೋಗಿತ್ತು. ಸಿದ್ಧ ಅಂಗಿ ಯಾವುದು ಹಾಕಿದರೂ ಕತ್ತಿನಿಂದ ಕಂಕುಳಿಗೆ ಓರೆಯಾಗಿ ನೆರಿಗೆ ಬೀಳುತ್ತಿತ್ತು. ಮಗಳ ಮದುವೆಯ ಪಟದಲ್ಲಿ ಕಾಲರು ಬಿಗಿದು ಮುಖ ಕೆಂಪಗಾಗಿ ನಿಂತಿದ್ದಾನೆ. ಇವಳು ನಾನೇ ಒಂದು ಹೊಲಿದುಕೊಡುತ್ತೇನೆ, ಇಂದು ನಾಳೆ ಎನ್ನುತ್ತಲೇ ಇದ್ದಳು, ಕಾರ್ಖಾನೆಯ ಗಂಟು ಮುಗಿಯುತ್ತಿರಲಿಲ್ಲ. ಅವನು ಒಂದು ದಿನವೂ ಕೇಳಿದವನಲ್ಲ.

ಕೇಳಿದ್ದು ಹಾಸಿಗೆ ಹಿಡಿದ ಮೇಲೆ. ಬಂದರಿನ ಧೂಳು ಎದೆಯಲ್ಲಿ ಕೂತು ಆ ಚಳಿಗಾಲದಲ್ಲಿ ಅವನನ್ನು ಕೆಡವಿತು. ಮೇ ತಿಂಗಳಲ್ಲಿ ಮೊಮ್ಮಗಳು ಮಿರೆಲ್ಲಾ ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಹಬ್ಬ. ಅದನ್ನು ನೋಡದೆ ತಾನು ಹೋಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ದಿನ ನಾನು ಸಾರು ತಗೊಂಡು ಹೋಗಿದ್ದಾಗ ಹೆಂಡತಿಯನ್ನು ಕರೆದ.

"ಊರಿನ ವಕೀಲರಿಗೆಲ್ಲ ಹೊಲ್ದೆ. ನಂಗೂ ಒಂದು ಹೊಲ್ಕೊಡೇ. ಮಗು ಮುಂದೆ ನೆಟ್ಟಗೆ ಕೂತ್ಕೋಬೇಕು."

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಮರುದಿನವೇ ಬಿಳಿ ಪಾಪ್ಲಿನ್ ಬಂತು. ಆದರೆ ಅಳತೆ ತೆಗೆಯುವುದು ಹೇಗೆ? ಬದುಕಿರುವವನನ್ನು ನಿಲ್ಲಿಸಿ ಅಳೆಯುವುದು ನಮ್ಮಲ್ಲಿ ರೂಢಿ. ಮಲಗಿದವನ ಮೇಲೆ ಟೇಪು ಇಡುವವನು ಶವಪೆಟ್ಟಿಗೆಯವನು ಒಬ್ಬನೇ. ನಾನೂ ನನ್ನ ಗಂಡನೂ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆವು. ಮೊಣಕಾಲು ಮಡಚಿಹೋಗಿ ಕೆಮ್ಮು ಹತ್ತಿತು, ಮತ್ತೆ ಮಲಗಿಸಿದೆವು. ಹೀಗೇ ಅಳೆದುಕೊಳ್ಳೇ, ನನಗೇನೂ ಭಯವಿಲ್ಲ ಎಂದು ಅವನೇ ಹೇಳಿದ. ಅವಳು ಟೇಪನ್ನು ಜೇಬಿಗೆ ತುರುಕಿಕೊಂಡಳು. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಅಳತೆ ಯಾಕೆ ಬೇಕು ಎಂದು ನಕ್ಕಳು.

ನೆನಪಿನಿಂದಲೇ ಕತ್ತರಿಸಿದಳು. ಮೂಟೆ ಹೊರುತ್ತಿದ್ದ ಸಬಾತೀನೋ ಅವಳ ನೆನಪಿನಲ್ಲಿದ್ದ, ಹಾಸಿಗೆಯಲ್ಲಿದ್ದವನು ಅವನ ಅರ್ಧವೂ ಇರಲಿಲ್ಲ. ಇಗರ್ಜಿಯ ಆ ತುದಿಯಲ್ಲಿ ಕೂತವನ ಭುಜ ಅಳೆಯುವ ಕಣ್ಣಿಗೆ ಇದು ಕಾಣಲಿಲ್ಲವೇ? ನನಗೆ ಮೈಯೆಲ್ಲ ಉರಿದು, ಯಾರನ್ನು ಏಮಾರಿಸುತ್ತಿದ್ದೀಯ ಎಂದು ಬಾಲ್ಕನಿಯಿಂದಲೇ ಕೇಳಿಬಿಟ್ಟೆ. ಅವಳು ಸೂಜಿ ನಿಲ್ಲಿಸಲಿಲ್ಲ.

"ಸಣ್ಣದು ಕತ್ತರಿಸಿದ್ರೆ, ಇವನಿನ್ನು ಚೇತರಿಸ್ಕೊಳ್ಳಲ್ಲ ಅಂತ ನಾನೇ ಬರ್ಕೊಟ್ಟ ಹಾಗಲ್ವೇನೆ?"

ನಾನು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದೆ.

ಪರಮಪ್ರಸಾದದ ದಿನ ಬಂತು. ಬಂದರಿನ ಇಬ್ಬರು ಹಳೆಯ ಗೆಳೆಯರು ಕುರ್ಚಿಸಮೇತ ಅವನನ್ನು ಹೊತ್ತೊಯ್ಯಲು ಬಂದಿದ್ದರು. ಅವನ ಗಡ್ಡ ಬೋಳಿಸಿ, ತಲೆ ಬಾಚಿ ಅಂಗಿ ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆವು. ಎಂಥ ಅಂಗಿ ಅಂತೀರಿ! ಬಲಭುಜ ಎಷ್ಟು ಜಗ್ಗಿತ್ತೋ ಅಷ್ಟೇ ಇಳಿಸಿ ಕೂಡಿಸಿದ್ದಳು, ಒಂದು ನೆರಿಗೆಯಿಲ್ಲ. ಆದರೆ ಭುಜದ ಹೊಲಿಗೆ ತೋಳಿನ ಮೇಲೆ ಜೋತಿತ್ತು. ಕಾಲರಿನ ನಡುವೆ ಕತ್ತು ಒರಳಿನಲ್ಲಿ ನಿಲ್ಲಿಸಿದ ಒನಕೆಯ ಹಾಗಿತ್ತು. ಅವನು ಬೀರುವಿನ ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡ. ಆಮೇಲೆ ಕೈ ಎತ್ತಿ ಕಾಲರಿನೊಳಗೆ ಇಳಿಸಿದ. ಇಡೀ ಕೈ ಹೋಯಿತು.

"ಇದು ನನ್ನಂಗಿ ಅಲ್ಲ ನುಂಜಿಯಾ. ಆ ಮೂಟೆ ಹೊರ್ತಿದ್ದವನ್ದು, ಅವನು ಸತ್ತೋದ."

"ಟೈ ಕಟ್ಟಿದ್ರೆ ಯಾರಿಗೂ ಕಾಣಲ್ಲ."

"ನಂಗೆ ಕಾಣುತ್ತಲ್ಲ."

ಗೆಳೆಯರು ಕುರ್ಚಿ ಎತ್ತಿದರು, ಕೆಳಗಿಡಿ ಎಂದು ಹೇಳಿದ. ಮಗುವಿನ ಮುಂದೆ ಬೆರ್ಚಪ್ಪನಾಗಿ ಕೂರಲಾರೆ ಎಂದ. ಎಲ್ಲರೂ ಬೇಡಿಕೊಂಡೆವು, ಮಗಳು ಅತ್ತಳು, ಕೇಳಲಿಲ್ಲ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಮಿರೆಲ್ಲಾ ಬಿಳಿ ಲಂಗ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅವನು ಗೋಡೆಗೆ ಮುಖ ಮಾಡಿ, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಮಲಗಿದ್ದ. ಕೈಯೊಂದನ್ನು ಹೊರಗೆ ಚಾಚಿದ, ಮಗು ಅದಕ್ಕೆ ಮುತ್ತಿಟ್ಟು ಹೋಯಿತು.

ಜೂನ್ ಮೊದಲಲ್ಲಿ ಸಬಾತೀನೋ ತೀರಿಕೊಂಡ. ಹೆಣ ಸಿಂಗರಿಸುವ ಅಲ್ಫೊನ್ಸೊ ಬಂದ. ನುಂಜಿಯಾ ಅದೇ ಅಂಗಿ ತಂದು ಮುಂದಿಟ್ಟಳು. ಅವನೇನು ಕೆಟ್ಟವನಲ್ಲ, ದಿನಾ ಮಾಡುವ ಕೆಲಸ. ಬೆನ್ನಿನ ಕಡೆ ಉದ್ದಕ್ಕೆ ಸೀಳಿ, ಎರಡು ಬದಿಯನ್ನೂ ಮೈ ಕೆಳಗೆ ಸಿಕ್ಕಿಸಿದರೆ ಮುಂದಿನಿಂದ ಅಚ್ಚುಕಟ್ಟಾಗಿ ಕಾಣುತ್ತದೆ, ಎಲ್ಲರಿಗೂ ಹೀಗೇ ಮಾಡುವುದಮ್ಮಾ ಎಂದು ಕತ್ತರಿ ತೆಗೆದ. ಅವಳು ಅವನ ಮುಂಗೈ ಹಿಡಿದುಕೊಂಡಳು. ನನ್ನನ್ನು ಬಿಟ್ಟು ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿದಳು.

ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಮಲಗಿದವನ ಭುಜದ ಮೂಳೆಯ ಮೇಲೆ ನಾನು ಅದನ್ನು ಒತ್ತಿ ಹಿಡಿದೆ. ಭುಜ, ತೋಳು, ಎದೆ, ಕೊನೆಗೆ ಕತ್ತು. ಆಮೇಲೆ ಕಿಟಕಿಯ ಹತ್ತಿರ ಕೂತು ತಾನು ಹಾಕಿದ ಹೊಲಿಗೆಯನ್ನೆಲ್ಲ ತಾನೇ ಬಿಚ್ಚಿ, ಹೊಸ ಅಳತೆಗೆ ಕತ್ತರಿಸಿ ಮತ್ತೆ ಹೊಲಿಯತೊಡಗಿದಳು. ನೆರೆಯವರು ಸಾವಿನ ಮನೆಗೆ ತಂದ ಕಾಫಿ, ಸಾರು ಮೇಜಿನ ಮೇಲೆ ಆರಿಹೋದವು. ಮಗಳು ಬಂದು ಕರೆದರೂ ತಲೆ ಎತ್ತಲಿಲ್ಲ.

ಸಂಜೆ ನಾವಿಬ್ಬರೇ ಅಂಗಿ ತೊಡಿಸಿದೆವು. ಅವಳು ಕಾಲರಿನ ಗುಂಡಿ ಹಾಕಿ ಒಳಗೆ ಬೆರಳಿಟ್ಟು ನೋಡಿದಳು. ಒಂದೇ ಬೆರಳು ಹೋಯಿತು. ಅಲ್ಫೊನ್ಸೊ ಒಳಗೆ ಬಂದವನು, ಇಷ್ಟು ಚೆನ್ನಾಗಿ ಹೊಂದಿದ ಅಂಗಿ ತೊಟ್ಟವನನ್ನು ಈ ಕೆಲಸದಲ್ಲಿ ತಾನು ನೋಡಿಯೇ ಇಲ್ಲ ಎಂದು ಟೋಪಿ ತೆಗೆದ.

"ಮೇ ತಿಂಗಳಲ್ಲೇ ಹೊಂದ್ತಿತ್ತು," ಎಂದಳು ನುಂಜಿಯಾ. "ಮಲಗಿಸಿ ಅಳ್ಕೋ ಅಂತ ಅವನೇ ಹೇಳಿದ್ದ."

ಅವಳು ಕಾಲರಿನಿಂದ ಬೆರಳು ತೆಗೆಯಲಿಲ್ಲ. ಪೆಟ್ಟಿಗೆ ಮುಚ್ಚಲು ಬಂದವರು ಬಾಗಿಲಲ್ಲೇ ಕಾದು ನಿಂತರು.