ಒಳಗೆ ಪ್ರತಿಭಾ ಪುರಸ್ಕಾರ, ಹೊರಗೆ ಪರೀಕ್ಷೆ

ಕಳೆದ ಭಾನುವಾರ ಸಂಜೆ ನನ್ನ ತಲೆಗೆ ಮೈಸೂರು ಪೇಟ ತೊಡಿಸಿದರು. ಪೇಟದೊಳಗೆ ತಲೆ ಕುದಿಯುತ್ತಿತ್ತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಜಯನಗರದ ಒಂದು ನಿವಾಸಿಗಳ ಸಂಘದಲ್ಲಿ ಪ್ರತಿಭಾ ಪುರಸ್ಕಾರ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಪರ್ಸೆಂಟ್ ದಾಟಿದವರಿಗೆ ಶಾಲು, ಹಾರ, ಮೊಮೆಂಟೊ. ನಾನು ಮುಖ್ಯ ಅತಿಥಿ. ಕೊಟ್ಟ ವಿಷಯ 'ಯುವಜನರ ಯಶಸ್ಸಿನಲ್ಲಿ ಸಮಾಜದ ಪಾತ್ರ'. (ಹೌದು, ಕರೆದ ತಕ್ಷಣ ಒಪ್ಪಿಕೊಂಡೆ. ಪೇಟದ ಆಸೆ ನನಗೂ ಇದೆ.)

ಹಾಲ್‌ಗೆ ಹೋದರೆ, ಬಾಗಿಲ ಹೊರಗೆ ಚಪ್ಪಲಿ ರಾಶಿಯ ಪಕ್ಕ, ಮೆಟ್ಟಿಲ ಮೇಲೆ ಹತ್ತು ಹನ್ನೆರಡು ಮಕ್ಕಳು ಪುಸ್ತಕ ಹಿಡಿದು ಕೂತಿದ್ದರು. ಪಕ್ಕದಲ್ಲೇ ಆಳೆತ್ತರದ ಸ್ಪೀಕರ್. ಒಬ್ಬ ಹುಡುಗಿ ಎಡಗೈಯಿಂದ ಕಿವಿ ಮುಚ್ಚಿಕೊಂಡು ಬಲಗೈಯಲ್ಲಿ ಲೆಕ್ಕ ಮಾಡುತ್ತಿದ್ದಳು. ಹೆಸರು ಕಾವ್ಯ, ಅಲ್ಲೇ ಪಕ್ಕದ ಸಿದ್ದಾಪುರದವಳು. ಗಣಿತದಲ್ಲಿ ಫೇಲ್. ಮರುದಿನ ಬೆಳಿಗ್ಗೆಯೇ ಮರುಪರೀಕ್ಷೆ.

'ಮನೇಲಿ ಓದ್ಕೋಬಾರ್ದೇನಮ್ಮ?' ಅಂದೆ. ಎಂಥ ದಡ್ಡ ಪ್ರಶ್ನೆ!

'ಒಂದೇ ರೂಮು ಅಂಕಲ್. ಐದು ಜನ ಇದೀವಿ, ಟೀವಿ ಬೇರೆ. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಅಮ್ಮನ ಜೊತೆ ಮನೆಕೆಲಸಕ್ಕೆ ಹೋಗು ಅಂದಿದಾರೆ ಅಪ್ಪ.'

ಈ ಮಕ್ಕಳಿಗೆ ದಿನಾ ಸಂಜೆ ಅದೇ ಹಾಲ್‌ನಲ್ಲಿ ಪಾಠ ಹೇಳುವವರು ಶಾರದಾ ಮೇಡಂ, ನಿವೃತ್ತ ಶಿಕ್ಷಕಿ. ಬರೀ ಪಾಠ ಅಲ್ಲ. ಖೋ-ಖೋ ಆಡಿಸುತ್ತಾರೆ, ಉಪ್ಪಿಟ್ಟು ಮಾಡಿ ತರುತ್ತಾರೆ, ಬೋರ್ಡು ಕಾಣಿಸಲ್ಲ ಅಂದವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಓದು ಬಿಡಿಸಲು ಹೊರಟ ಅಪ್ಪಂದಿರ ಜೊತೆ ಮನೆಗೇ ಹೋಗಿ ಜಗಳ ಆಡುತ್ತಾರೆ. ನನಗೆ ಕೊಟ್ಟ ವಿಷಯದ ಮೇಲೆ ಮಾತಾಡಬೇಕಾದವರು ಅವರು. ಅವರೂ ಮೆಟ್ಟಿಲ ಮೇಲೇ ಇದ್ದರು.

'ಸೋಮವಾರ ಪರೀಕ್ಷೆ, ಹಾಲ್ ಬೇಕು ಅಂತ ಸಂಘದವರಿಗೆ ವಾರದ ಹಿಂದೇನೇ ಹೇಳಿದ್ದೆ ಸಾರ್. ಇವತ್ತು ಬಂದು ನೋಡಿದ್ರೆ ಬಲೂನ್ ಕಟ್ತಿದಾರೆ.'

ಕಾರ್ಯದರ್ಶಿಗಳನ್ನು ಹಿಡಿದು ಕೇಳಿದೆ.

'ಒಂದಿನ ತಾನೆ ಸಾರ್, ಅಡ್ಜಸ್ಟ್ ಮಾಡ್ಕೋತಾರೆ ಬಿಡಿ.'

ಈ ಅಡ್ಜಸ್ಟ್ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವಾಗಲೂ ಅವರೇ ಯಾಕೆ ಮಾಡಿಕೊಳ್ಳಬೇಕು? ಪರೀಕ್ಷೆಯ ಹಿಂದಿನ ದಿನ ತಮ್ಮ ಮಗಳನ್ನು ಚಪ್ಪಲಿ ಪಕ್ಕ ಕೂರಿಸುತ್ತಾರಾ ಇವರು?

ಹೋಗಲಿ, ಹೊರಗಿನ ಸ್ಪೀಕರ್ ಆದರೂ ಆಫ್ ಮಾಡಿಸಿ ಅಂದೆ.

'ಅಯ್ಯೋ ಸಾರ್, ನಿಮ್ಮ ಭಾಷಣ ರೋಡಿಗೆಲ್ಲ ಕೇಳಿಸ್ಲಿ ಅಂತಾನೇ ಹಾಕ್ಸಿರೋದು!'

ತೊಂಬತ್ತು ತೆಗೆದ ಮಕ್ಕಳ ಮೇಲೆ ನನಗೇನೂ ಸಿಟ್ಟಿಲ್ಲ. ಕಷ್ಟಪಟ್ಟಿದ್ದಾರೆ, ಶಾಲು ಹೊದಿಸಿ. ಆದರೆ ಅವರಿಗೆ ರೂಮಿತ್ತು, ಟ್ಯೂಷನ್ ಇತ್ತು, ಹೊತ್ತಿಗೆ ಸರಿಯಾಗಿ ಹಾರ್ಲಿಕ್ಸ್ ತಂದುಕೊಡುವ ಅಮ್ಮ ಇದ್ದರು. ಗೆದ್ದ ಮೇಲೆ ಹಾರ ಹಾಕುವುದು ಸುಲಭ, ಸ್ವಾಮಿ. ಎಡವಿದವಳಿಗೆ ಒಂದು ಸಂಜೆ ಟ್ಯೂಬ್‌ಲೈಟಿನ ಕೆಳಗೆ ಜಾಗ ಕೊಡುವುದಕ್ಕೆ ಏನು ದಾಡಿ ನಮಗೆ?

ಪೇಟ ತೊಡಿಸಿ, ನನ್ನ ಹೆಸರು ಕರೆದರು. ಮೈಕ್ ಹಿಡಿದೆ. 'ಹೊರಗೆ ಕೂತಿರೋ ಮಕ್ಕಳಿಗೆ ನಾಳೆ ಪರೀಕ್ಷೆ ಇದೆ. ಸಮಾಜದ ಪಾತ್ರ ಅಂದ್ರೆ, ಈಗ ನಾವೆಲ್ಲ ಬಾಯಿ ಮುಚ್ಕೊಂಡು ಹಾಲ್ ಖಾಲಿ ಮಾಡೋದು' ಅಂದೆ. ಪೇಟ ತೆಗೆದು ಮೇಜಿನ ಮೇಲಿಟ್ಟು ಇಳಿದುಬಿಟ್ಟೆ.

ಜೋರು ಚಪ್ಪಾಳೆ! ಎದ್ದವರು ಮಾತ್ರ ಒಬ್ಬರೂ ಇಲ್ಲ. ಅಧ್ಯಕ್ಷರು 'ಬಹಳ ಮಾರ್ಮಿಕವಾಗಿ ಮಾತಾಡಿದ್ರು' ಅಂತ ಹೊಗಳಿ, ಮುಂದಿನ ಅತಿಥಿಯನ್ನು ಕರೆದರು.

ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಕಾವ್ಯ ಕಿವಿಯಿಂದ ಕೈ ತೆಗೆದು ಕೇಳಿದಳು.

'ಅಂಕಲ್, ಒಳಗೆ ಮಾತಾಡೋರು ಇನ್ನೂ ಎಷ್ಟು ಜನ ಇದಾರೆ?'