ಷರಾ ಕಾಲಂನ ಸಾಲು

ವಿಶ್ವವಿದ್ಯಾಲಯದ ನೆಲಮಾಳಿಗೆಯ ಎಕ್ಸ್-ರೇ ಕೋಣೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ತಂತ್ರಜ್ಞ. ಊರೂರಿನ ಕಾಲೇಜುಗಳು ದ್ರಾವಣದಲ್ಲಿ ಬೆಳೆಸಿದ ಹರಳನ್ನು ಅಲ್ಲಿಗೆ ಕಳಿಸುತ್ತವೆ. ಸಾಸಿವೆಯ ಕಾಲುಭಾಗವೂ ಇಲ್ಲದ ಹರಳು. ಅದನ್ನು ಸೂಕ್ಷ್ಮದರ್ಶಕದಡಿ ಆರಿಸಿ, ಎಣ್ಣೆಯ ಹನಿಯಲ್ಲಿ ಅದ್ದಿ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯ ತುದಿಗೆ ಕೂರಿಸಿ ಯಂತ್ರಕ್ಕೆ ಏರಿಸಬೇಕು. ಯಂತ್ರ ಅದನ್ನು ತಿರುಗಿಸುತ್ತ ಕಿರಣ ಹಾಯಿಸಿದರೆ, ಒಳಗೆ ಅಣುಗಳು ಹೇಗೆ ಕೂತಿವೆ ಎಂಬುದು ತಿಳಿಯುತ್ತದೆ. ಉಸಿರು ಬಿಟ್ಟರೆ ಹಾರಿಹೋಗುವುದನ್ನು ಹಿಡಿಯುವ ಈ ಕೈ ಮನೆಯಲ್ಲಿ ಲೋಟವನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂಬುದು ಅಕ್ಕನ ದೂರು. ಮದುವೆಯಾಗದ ತಮ್ಮ, ಗಂಡನನ್ನು ಕಳೆದುಕೊಂಡ ಅಕ್ಕ, ಮನೆಯಲ್ಲಿ ಅವರಿಬ್ಬರೇ.

ಒಂಬತ್ತು ವರ್ಷದಿಂದ ದೂರದ ಕಾಲೇಜಿನ ಉಪನ್ಯಾಸಕಿಯೊಬ್ಬಳು ತಿಂಗಳಿಗೊಂದು ಪೆಟ್ಟಿಗೆ ಕಳಿಸುತ್ತಿದ್ದಳು. ಅವಳನ್ನು ಅವನು ನೋಡಿದವನೇ ಅಲ್ಲ, ನೋಡಿದ್ದು ಅಕ್ಷರ ಮಾತ್ರ. ಅರ್ಜಿಯ 'ವಿಶೇಷ ಸೂಚನೆ' ಜಾಗದಲ್ಲಿ ಪ್ರತಿ ಸಲವೂ "ತುರ್ತು" ಎಂದು ಬರೆದು ಪಕ್ಕದಲ್ಲೊಂದು ಸಾಲು ಸೇರಿಸುತ್ತಿದ್ದಳು: "ಇದು ಹಟಮಾರಿ ಹರಳು, ಬೈದು ನೋಡಿ." ಅವನು ಫಲಿತಾಂಶದ ಷರಾ ಕಾಲಂನಲ್ಲಿ ಬರೆಯುತ್ತಿದ್ದ: "ಬೈದೆ. ಮಾತು ಕೇಳಿತು." ಒಮ್ಮೆ ಅವಳು "ತಡವಾಯಿತು, ಅಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ನಾನೊಬ್ಬಳೇ" ಎಂದು ಬರೆದಿದ್ದಳು. 'ನಾನೊಬ್ಬಳೇ' ಎಂಬ ಮಾತನ್ನು ಅವನು ಎಷ್ಟು ಸಲ ಓದಿದನೋ! ಪೆಟ್ಟಿಗೆ ಬರುವ ವಾರ ಅಂಗಿಗೆ ತಪ್ಪದೆ ಇಸ್ತ್ರಿ ಬೀಳುತ್ತಿತ್ತು. ಪೆಟ್ಟಿಗೆಗೇನು ಕಣ್ಣಿರುತ್ತದೆಯೇ?

"ಮದುವೆ ಆಗೋ ಅಂದ್ರೆ ಕಿವಿ ಮೇಲೆ ಹಾಕ್ಕೊಳ್ಲಿಲ್ಲ," ಅಕ್ಕ ಛೇಡಿಸುತ್ತಿದ್ದಳು, "ಈಗ ಪೆಟ್ಟಿಗೆ ದಾರಿ ಕಾಯ್ತಾನೆ."

ಒಂದು ದಿನ ಬಂದ ಪೆಟ್ಟಿಗೆಯ ಅರ್ಜಿಯಲ್ಲಿ ಹೀಗಿತ್ತು: "ತುರ್ತು. ನಮ್ಮಲ್ಲೂ ಯಂತ್ರ ಬಂದಿದೆ, ಇದೇ ಕೊನೆಯ ಪೆಟ್ಟಿಗೆ. ಈ ಬಗೆಯಲ್ಲಿ ಆರು ತಿಂಗಳಿಗೆ ಬೆಳೆದದ್ದು ಇದೊಂದೇ ಹರಳು."

ಅವನು ಅದನ್ನು ಎರಡು ಸಲ ಓದಿದ. ಪುಟ್ಟ ಬಾಟಲಿಯ ಮುಚ್ಚಳ ತೆಗೆದ. ತಳದ ಒಂದು ಹನಿ ದ್ರಾವಣದಲ್ಲಿ ಜೇನುಬಣ್ಣದ ಹರಳು, ಅಂಚೆಲ್ಲ ಚೂಪು. ಎಣ್ಣೆಯತ್ತ ಹೋಗಬೇಕಾದ ಕೈ ಪೆನ್ನಿನತ್ತ ಹೋಯಿತು. ಇನ್ನು ಬರೆಯಲು ಷರಾ ಕಾಲಂ ಇರುವುದಿಲ್ಲ. ಈ ಸಲವಾದರೂ ಬರೆಯಬೇಕು. ಏನೆಂದು? ಕೂತ, ಗೀಚಿದ, ಹೊಡೆದುಹಾಕಿದ. ದ್ರಾವಣ ಆರಿದರೆ ಹರಳು ಹೋಯಿತೆಂದೇ ಲೆಕ್ಕ ಎಂದು ಹೊಸ ವಿದ್ಯಾರ್ಥಿಗಳನ್ನು ಮೊದಲ ದಿನವೇ ಗದರುವವನು ಇವನೇ. ತಿರುಗಿ ನೋಡುವಷ್ಟರಲ್ಲಿ ಹರಳು ಸುಣ್ಣದಂತೆ ಬೆಳ್ಳಗಾಗಿತ್ತು. ಸೂಜಿ ತಾಕಿಸಿದರೆ ಪುಡಿಯಾಯಿತು.

"ದಾರೀಲೇ ಕೆಟ್ಟಿತ್ತು ಅಂತ ಬರೆದುಬಿಡಿ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ಯಾರು ನೋಡೋಕೆ ಬರ್ತಾರೆ?"

ರಾತ್ರಿ ಊಟಕ್ಕೆ ಕೂತಾಗ ಅವನು ಅಕ್ಕನಿಗೆ ನಡೆದದ್ದೆಲ್ಲ ಹೇಳಿದ.

"ನಿಜ ಬರೆದ್ರೆ ಏನಾಗತ್ತೋ?" ಅಕ್ಕ ಕೇಳಿದಳು.

"ಅವರು ಮತ್ತೆ ನನ್ನ ಮುಖ ನೋಡಲ್ಲ, ಅಕ್ಕ."

"ಈಗೇನು ನೋಡಿದ್ದಾರಾ?"

ಮರುದಿನ ಅವನು ಷರಾ ಕಾಲಂನಲ್ಲಿ ಬರೆದ: "ಹರಳು ಚೆನ್ನಾಗಿಯೇ ಬಂದಿತ್ತು. ಕೆಡಿಸಿದವನು ನಾನು. ನಿಮಗೆ ಏನು ಬರೆಯಲಿ ಎಂದು ಯೋಚಿಸುತ್ತ ಮುಚ್ಚಳ ಹಾಕುವುದನ್ನೇ ಮರೆತೆ. ಒಂಬತ್ತು ವರ್ಷದಿಂದ ಯೋಚಿಸುತ್ತಿದ್ದೇನೆ. ಕ್ಷಮಿಸಿ."

ಉತ್ತರ ಬರಲಿಲ್ಲ. ಬೇರೆ ಕಾಲೇಜುಗಳ ಪೆಟ್ಟಿಗೆಗಳು ಬಂದವು. ಪ್ರತಿಯೊಂದರ ಮೇಲಿನ ವಿಳಾಸದಲ್ಲೂ ಅವನು ಅದೇ ಅಕ್ಷರ ಹುಡುಕಿದ. ಅವಳ ಆರು ತಿಂಗಳನ್ನು ಹಾಳು ಮಾಡಿದೆನೆಂಬ ಕೊರಗು ಒಂದು ಕಡೆ. ಒಂದು ಸಾಲು, ಬೈಗುಳವಾದರೂ ಸರಿ, ಬರಲಿ ಎಂಬ ಹಂಬಲ ಇನ್ನೊಂದು ಕಡೆ. ಇಸ್ತ್ರಿಯ ಗೊಡವೆಯೇ ಬಿಟ್ಟುಹೋಯಿತು. ಅಕ್ಕನೂ ಛೇಡಿಸುವುದನ್ನು ಬಿಟ್ಟಳು.

ಏಳನೆಯ ತಿಂಗಳು ಒಂದು ಪೆಟ್ಟಿಗೆ ಬಂತು. ಅದೇ ಅಕ್ಷರ. ಅವಳ ಕಾಲೇಜಿನಲ್ಲಿ ಸ್ವಂತ ಯಂತ್ರವಿತ್ತು, ಇಲ್ಲಿಗೆ ಕಳಿಸುವ ದರ್ದೇ ಇರಲಿಲ್ಲ. ಆದರೂ ಒಳಗೊಂದು ಪುಟ್ಟ ಬಾಟಲಿ, ಅದರಲ್ಲಿ ಜೇನುಬಣ್ಣದ ಹರಳು. ಅವನು ಅರ್ಜಿ ಬಿಡಿಸಿದ. 'ವಿಶೇಷ ಸೂಚನೆ'ಯಲ್ಲಿ ಮೊದಲ ಸಲ "ತುರ್ತು" ಎಂದಿರಲಿಲ್ಲ.

"ಆತುರವಿಲ್ಲ. ಮೊದಲು ಮುಚ್ಚಳ ಹಾಕಿ, ಆಮೇಲೆ ಯೋಚಿಸಿ."